ಇಂಗೋಲ್‌ಸ್ಟಾಟ್‌ನ ಗುಪ್ತ ಸಂಘ: ಇಲ್ಯುಮಿನಾಟಿಯ ನೈಜ ಇತಿಹಾಸ

ಇಲ್ಯುಮಿನಾಟಿ ಎಂಬ ಪದವನ್ನು ಕೇಳದ ಯುವಕರು ಇಂದು ವಿರಳ. ಡಾಲರ್ ನೋಟಿನ ಮೇಲಿರುವ ಒಂಟಿ ಕಣ್ಣು, ತ್ರಿಕೋನಾಕಾರದ ಕಟ್ಟಡಗಳು, ಗಾಯಕರ ಕೈಸನ್ನೆಗಳು ಇವೆಲ್ಲವನ್ನೂ ಒಂದೇ ದಾರದಲ್ಲಿ ಪೋಣಿಸಿ, ಜಗತ್ತನ್ನು ಮರೆಯಲ್ಲಿ ನಿಂತು ಆಳುವ ಕೂಟವೊಂದರ ಕಥೆ ಹೇಳುವ ವೀಡಿಯೊಗಳು ಮೊಬೈಲಿನಿಂದ ಮೊಬೈಲಿಗೆ ಹರಿದಾಡುತ್ತಿವೆ. ಕೆಲವಂತೂ ಅಂತ್ಯಕಾಲದ ದಜ್ಜಾಲನ ಕುರಿತಾದ ಹದೀಸ್‌ಗಳನ್ನೂ ಅದಕ್ಕೆ ಜೋಡಿಸುತ್ತವೆ. ವಿದ್ಯಾರ್ಥಿಗಳು ಈ ಬಗ್ಗೆ ನಮ್ಮಲ್ಲಿ ಕೇಳುವುದುಂಟು. ದಜ್ಜಾಲನ ವಿಷಯ ವಿಶ್ವಾಸಕ್ಕೆ ಸೇರಿದ್ದು, ಅದಕ್ಕೆ ಅದರದೇ ಪ್ರಮಾಣಗಳಿವೆ. ಇಲ್ಯುಮಿನಾಟಿಯು ಇತಿಹಾಸಕ್ಕೆ ಸೇರಿದ್ದು, ಅದಕ್ಕೂ ಅದರದೇ ಪ್ರಮಾಣಗಳಿವೆ. ಆ ಎರಡನೆಯದನ್ನು ಪರಿಶೀಲಿಸುವುದಷ್ಟೇ ಇಲ್ಲಿ ನಮ್ಮ ಉದ್ದೇಶ. ಅದೃಷ್ಟವಶಾತ್ ಈ ಗುಪ್ತ ಸಂಘದ ಕುರಿತು ಊಹೆಗಳನ್ನು ನೆಚ್ಚಬೇಕಾದ ಅಗತ್ಯವಿಲ್ಲ. ಅದರ ನಿಯಮಾವಳಿ, ಸದಸ್ಯರ ಪತ್ರಗಳು, ಸಂಕೇತಲಿಪಿ, ಒಳಜಗಳಗಳು ಎಲ್ಲವೂ 1787ರಲ್ಲೇ ಅಚ್ಚಾಗಿ ಯುರೋಪಿನ ಅರಮನೆಗಳನ್ನು ತಲುಪಿದ್ದವು.

ಜರ್ಮನಿಯ ದಕ್ಷಿಣಕ್ಕಿರುವ ಬವೇರಿಯಾ ಆಗ ಒಂದು ಪ್ರತ್ಯೇಕ ಸಂಸ್ಥಾನ. ಡ್ಯಾನ್ಯೂಬ್ ನದಿಯ ದಂಡೆಯ ಇಂಗೋಲ್‌ಸ್ಟಾಟ್ ಪಟ್ಟಣದಲ್ಲಿ ಅದರ ವಿಶ್ವವಿದ್ಯಾಲಯವಿತ್ತು. ಅಲ್ಲಿನ ಶಿಕ್ಷಣವು ದೀರ್ಘಕಾಲ ಜೆಸ್ವಿಟ್ ಪಾದ್ರಿಗಳ ಹಿಡಿತದಲ್ಲಿತ್ತು. ಮಂಗಳೂರಿನ ಸಂತ ಅಲೋಶಿಯಸ್ ಕಾಲೇಜಿನ ಮೂಲಕ ನಮ್ಮ ಕರಾವಳಿಯವರಿಗೆ ಪರಿಚಿತವಾಗಿರುವ ಧರ್ಮಸಭೆಯೇ ಅದು. 1773ರಲ್ಲಿ ಪೋಪ್ ಹದಿನಾಲ್ಕನೇ ಕ್ಲೆಮೆಂಟ್ ಈ ಸಭೆಯನ್ನು ವಿಸರ್ಜಿಸಿದರು. ಅಲ್ಲಿಯವರೆಗೆ ಜೆಸ್ವಿಟರ ವಶದಲ್ಲಿದ್ದ ಚರ್ಚ್ ಕಾನೂನಿನ ಪೀಠಕ್ಕೆ ಆ ವರ್ಷ ಪಾದ್ರಿಯಲ್ಲದ ತರುಣನೊಬ್ಬ ನೇಮಕಗೊಂಡ. ಆತನೇ ಆಡಮ್ ವೈಸ್‌ಹೌಪ್ಟ್.

ವೈಸ್‌ಹೌಪ್ಟ್ ಹುಟ್ಟಿದ್ದು ಅದೇ ಪಟ್ಟಣದಲ್ಲಿ, 1748ರ ಫೆಬ್ರವರಿ 6ರಂದು. ಐದರ ಹರೆಯದಲ್ಲೇ ತಂದೆಯನ್ನು ಕಳೆದುಕೊಂಡ ಬಾಲಕ ಜೆಸ್ವಿಟರ ಶಾಲೆಯಲ್ಲಿ ಓದಿದ. ಆದರೆ ಪೋಷಕನಾಗಿದ್ದ ಇಕ್‌ಸ್ಟಾಟ್‌ನ ಗ್ರಂಥಭಂಡಾರದಲ್ಲಿ ಶಾಲೆಯ ಪಾದ್ರಿಗಳು ಮೆಚ್ಚದ ಪುಸ್ತಕಗಳಿದ್ದವು. ಶಾಲೆಯಲ್ಲಿ ಒಂದು ಲೋಕ, ಮನೆಯಲ್ಲಿ ಮತ್ತೊಂದು. ಪ್ರಾಧ್ಯಾಪಕನಾದ ಬಳಿಕವೂ ಇದೇ ಸಂಘರ್ಷ ಮುಂದುವರಿಯಿತು. ಸಭೆ ವಿಸರ್ಜನೆಗೊಂಡಿದ್ದರೂ ವಿಶ್ವವಿದ್ಯಾಲಯದಲ್ಲಿ ಮಾಜಿ ಜೆಸ್ವಿಟರ ಪ್ರಭಾವ ಅಳಿದಿರಲಿಲ್ಲ. ಹೊಸ ವಿಚಾರಗಳನ್ನು ಬಹಿರಂಗವಾಗಿ ಬೋಧಿಸುವುದು ಕಷ್ಟವಾಗಿತ್ತು. ಬಹಿರಂಗವಾಗಿ ಆಗದ್ದನ್ನು ಗುಟ್ಟಾಗಿ ಮಾಡೋಣ ಎಂಬ ನಿರ್ಧಾರಕ್ಕೆ ಆತ ಬಂದ. ಈ ನಿರ್ಧಾರದಲ್ಲೇ ಸಂಘದ ಬಲವೂ ಇತ್ತು, ಅದರ ಮರಣವೂ ಇತ್ತು.

1776ರ ಮೇ 1ರಂದು ವೈಸ್‌ಹೌಪ್ಟ್ ಮತ್ತು ನಾಲ್ವರು ವಿದ್ಯಾರ್ಥಿಗಳು ಕೂಡಿ ಸಂಘವನ್ನು ಸ್ಥಾಪಿಸಿದರು. ಜಗತ್ತಿನ ಆಳ್ವಿಕೆಯ ಸಂಚು ರೂಪಿಸಿದರೆನ್ನಲಾದ ಆ ಭಯಾನಕ ಸಭೆಯಲ್ಲಿ ಇದ್ದವರು ಇಪ್ಪತ್ತೆಂಟು ವರ್ಷದ ಒಬ್ಬ ಅಧ್ಯಾಪಕ ಮತ್ತು ಆತನ ನಾಲ್ವರು ಶಿಷ್ಯರು, ಒಟ್ಟು ಐದು ಮಂದಿ! ಆ ನಾಲ್ವರಲ್ಲಿ ಒಬ್ಬನನ್ನು ಸೋಮಾರಿತನದ ಕಾರಣಕ್ಕೆ ಹೊರಹಾಕಲಾಯಿತು. ಸಂಘದ ಮೊದಲ ಹೆಸರು ಪರಿಪೂರ್ಣತಾವಾದಿಗಳ ಕೂಟ ಎಂಬರ್ಥದ್ದಾಗಿತ್ತು. ಜೇನುನೊಣಗಳ ಸಂಘ ಎಂದು ಕರೆಯುವ ಆಲೋಚನೆಯೂ ವೈಸ್‌ಹೌಪ್ಟ್‌ಗಿತ್ತು. ಕೊನೆಗೆ ನೆಲೆನಿಂತದ್ದು ಬೆಳಕು ಪಡೆದವರು ಎಂಬ ಅರ್ಥದ ಲ್ಯಾಟಿನ್ ಪದ ಇಲ್ಯುಮಿನಾಟಿ. ಲಾಂಛನವಾಗಿ ಆರಿಸಿಕೊಂಡದ್ದು ಕಣ್ಣನ್ನಲ್ಲ, ಗ್ರೀಕರ ಜ್ಞಾನದೇವತೆಯ ವಾಹನವೆನಿಸಿದ ಗೂಬೆಯನ್ನು. ಡಾಲರಿನ ಕಣ್ಣು ಮತ್ತು ಪಿರಮಿಡ್ 1782ರಲ್ಲಿ ಅಂಗೀಕೃತವಾದ ಅಮೆರಿಕದ ರಾಜಮುದ್ರೆಯಿಂದ ಬಂದಂಥವು. ಅವು ನೋಟಿನ ಮೇಲೆ ಕಾಣಿಸಿಕೊಂಡದ್ದು 1935ರಲ್ಲಿ. ಪಿರಮಿಡಿನ ಬುಡದಲ್ಲಿ ರೋಮನ್ ಅಂಕಿಗಳಲ್ಲಿರುವ 1776 ಎಂಬ ಇಸವಿಯು ಅಮೆರಿಕದ ಸ್ವಾತಂತ್ರ್ಯ ಘೋಷಣೆಯ ವರ್ಷ. ಇಸವಿಗಳೆರಡು ಒಂದೇ ಆದುದರಿಂದ ಇಷ್ಟು ದೊಡ್ಡ ಕಥೆ ಹುಟ್ಟಿಕೊಂಡಿತು.

ಸದಸ್ಯರು ಪರಸ್ಪರ ನಿಜನಾಮ ಬಳಸುವಂತಿರಲಿಲ್ಲ. ವೈಸ್‌ಹೌಪ್ಟ್ ತನಗೆ ಇಟ್ಟುಕೊಂಡ ಹೆಸರು ಸ್ಪಾರ್ಟಕಸ್, ರೋಮಿನ ವಿರುದ್ಧ ದಂಗೆಯೆದ್ದ ಗುಲಾಮನದು. ಆತನ ಬಲಗೈಯಾಗಿದ್ದ ಜ್ವಾಕ್‌ಗೆ ಕೇಟೊ ಎಂಬ ಹೆಸರು. ಊರುಗಳಿಗೂ ಮರೆನಾಮಗಳಿದ್ದವು: ಮ್ಯೂನಿಕ್ ಅಥೆನ್ಸ್ ಆಯಿತು, ಇಂಗೋಲ್‌ಸ್ಟಾಟ್ ಎಲ್ಯೂಸಿಸ್ ಆಯಿತು, ಆಸ್ಟ್ರಿಯ ಈಜಿಪ್ಟ್ ಆಯಿತು. ಅಕ್ಷರಗಳ ಬದಲಿಗೆ ಅಂಕಿಗಳನ್ನು ಬರೆಯುವ ಸಂಕೇತಲಿಪಿಯೂ ಇತ್ತು. ನಮಗೆ ಅತ್ಯಂತ ಕುತೂಹಲಕರವಾಗಿ ಕಂಡದ್ದು ಅವರ ಪಂಚಾಂಗ. ಪತ್ರಗಳಿಗೆ ದಿನಾಂಕ ಹಾಕಲು ಅವರು ಪರ್ಷಿಯಾದ ಯಜ್ದಗಿರ್ದ್ ಶಕೆಯನ್ನು ಬಳಸುತ್ತಿದ್ದರು. ಫರ್ವರ್ದೀನ್ ಮೊದಲಾದ ತಿಂಗಳುಗಳ ಹೆಸರು, ಮಾರ್ಚ್ 21ಕ್ಕೆ ವರ್ಷಾರಂಭ. ಸಾಸಾನಿ ವಂಶದ ಕೊನೆಯ ಅರಸ ಮೂರನೇ ಯಜ್ದಗಿರ್ದ್ ಪಟ್ಟವೇರಿದ 632ನೇ ಇಸವಿಯಿಂದ ಆರಂಭವಾಗುವ ಶಕೆ ಇದು. ಅಂದರೆ ಪ್ರವಾದಿ ಮುಹಮ್ಮದ್(ಸ) ಇಹಲೋಕ ತ್ಯಜಿಸಿದ ಹಿಜರಿ 11ನೆಯ ವರ್ಷದ ಆಸುಪಾಸು. ಉಮರ್(ರ)ರ ಕಾಲದ ಸೇನೆಗಳೆದುರು ರಾಜ್ಯ ಕಳೆದುಕೊಂಡ ಆ ದೊರೆಯ ಶಕೆಯು ಸಾವಿರಕ್ಕೂ ಹೆಚ್ಚು ವರ್ಷಗಳ ಬಳಿಕ ಜರ್ಮನ್ ತರುಣರ ಗುಟ್ಟಿನ ಪತ್ರಗಳಲ್ಲಿ ಜೀವತಳೆದದ್ದು ಇತಿಹಾಸದ ವಿನೋದಗಳಲ್ಲೊಂದು.

ಇನ್ನು ಅವರ ನಂಬಿಕೆಗಳೇನು? ಮನುಷ್ಯನು ಪರಿಪೂರ್ಣತೆಯತ್ತ ಬೆಳೆಯಬಲ್ಲವನು ಎಂಬುದು ಮೂಲ ಸೂತ್ರ. ಆದಿಯಲ್ಲಿ ಮನುಷ್ಯರು ಸ್ವತಂತ್ರರೂ ಸಮಾನರೂ ಆಗಿದ್ದರು. ಅಗತ್ಯಗಳು ಹೆಚ್ಚಿ, ಬಲಶಾಲಿಯ ಆಶ್ರಯ ಬೇಕಾಗಿ, ಅರಸೊತ್ತಿಗೆಗಳು ಹುಟ್ಟಿಕೊಂಡವು. ಮನುಕುಲ ನೈತಿಕವಾಗಿ ಪ್ರೌಢವಾದಾಗ ಅರಸರೂ ಗಡಿಗಳೂ ರಕ್ತಪಾತವಿಲ್ಲದೆ ತಾವಾಗಿಯೇ ಅಪ್ರಸ್ತುತವಾಗುವವು ಎಂದು 1782ರಲ್ಲಿ ವೈಸ್‌ಹೌಪ್ಟ್ ಬರೆದ ಉಪದೇಶವು ಹೇಳುತ್ತದೆ. ಯೇಸುವಿನ ಬೋಧನೆಯ ನಿಜ ಸಾರ ಸ್ವಾತಂತ್ರ್ಯ ಮತ್ತು ಸಮಾನತೆಯೇ ಆಗಿತ್ತು, ಪುರೋಹಿತ ವರ್ಗ ಅದನ್ನು ಮರೆಮಾಚಿತು ಎಂಬ ವ್ಯಾಖ್ಯಾನವೂ ಅದರಲ್ಲಿದೆ. ವೈಸ್‌ಹೌಪ್ಟ್ ಕ್ರಾಂತಿಯ ಮಾತಾಡಲಿಲ್ಲ. ತಲೆಮಾರುಗಳ ಶಿಕ್ಷಣದ ಮಾತಾಡಿದ. ಆದರೆ ಆ ಶಿಕ್ಷಣ ಪಡೆದವರು ಆಸ್ಥಾನ, ಶಾಲೆ, ನ್ಯಾಯಾಲಯ, ಪುಸ್ತಕ ಪರಿಶೀಲನಾ ಮಂಡಳಿಗಳಲ್ಲಿ ಮೆಲ್ಲಗೆ ಸೇರಿಕೊಂಡು, ಅಧಿಕಾರದಲ್ಲಿರುವವರನ್ನು ಅವರಿಗೆ ಅರಿವಿಲ್ಲದಂತೆ ಸುತ್ತುವರಿಯಬೇಕು ಎಂಬುದೂ ಯೋಜನೆಯ ಭಾಗವಾಗಿತ್ತು. ಸರಕಾರಕ್ಕೆ ಸಿಟ್ಟು ಬಂದದ್ದರಲ್ಲಿ ಆಶ್ಚರ್ಯವೇನಿಲ್ಲ. ಮನುಷ್ಯರೆಲ್ಲರೂ ಸಮಾನರೆಂದು ಸಾರಿದ ಈ ಸಂಘದ ಆರಂಭದ ನಿಯಮಾವಳಿ ಸ್ತ್ರೀಯರನ್ನೂ ಯಹೂದಿಯರನ್ನೂ ಸನ್ಯಾಸಿಗಳನ್ನೂ ಹೊರಗಿಟ್ಟಿತ್ತು ಎಂಬುದನ್ನು ಇಲ್ಲಿಯೇ ಹೇಳಿಬಿಡಬೇಕು.

ಸಂಘದ ನೈಜ ಸ್ವರೂಪ ತಿಳಿಯಬೇಕಾದರೆ ಅದರ ಸಿದ್ಧಾಂತಕ್ಕಿಂತ ದಿನಚರಿಯನ್ನು ನೋಡಬೇಕು. ಕೆಳಗಿನ ವರ್ಗಕ್ಕೆ ಅವರು ಇಟ್ಟ ಜರ್ಮನ್ ಹೆಸರನ್ನು ಕನ್ನಡದಲ್ಲಿ ಸಸಿಮಡಿ ಎನ್ನಬಹುದು. ಹೊಸಬನನ್ನು ಕರೆತಂದವನು ಮೊದಲೇ ಆತನ ಸ್ವಭಾವ, ಗೆಳೆಯರು, ಓದು, ದೌರ್ಬಲ್ಯ ಇವುಗಳ ವಿವರಗಳನ್ನು ಸಂಗ್ರಹಿಸಿ ಮೇಲಿನವರಿಗೆ ಕಳಿಸಿರುತ್ತಿದ್ದ. ಸಸಿಮಡಿಗೆ ಸೇರಿದ ತರುಣನಿಗೆ ಇಡೀ ಸಂಘದಲ್ಲಿ ಪರಿಚಯವಿರುತ್ತಿದ್ದುದು ತನ್ನನ್ನು ಕರೆತಂದ ಒಬ್ಬನದು ಮಾತ್ರ. ಆತ ದಿನಚರಿ ಬರೆಯಬೇಕಾಗಿತ್ತು. ಸೆನೆಕ, ಎಪಿಕ್ಟೀಟಸ್, ಪ್ಲುಟಾರ್ಕರನ್ನು ಓದಿ ಟಿಪ್ಪಣಿ ಒಪ್ಪಿಸಬೇಕಾಗಿತ್ತು. ತನ್ನ ಸುತ್ತಮುತ್ತಲಿನವರನ್ನು ಗಮನಿಸಿ ಅವರ ಗುಣಾವಗುಣಗಳನ್ನು ಬರೆಯಬೇಕಾಗಿತ್ತು. ತಿಂಗಳಿಗೊಮ್ಮೆ ಮುಚ್ಚಿದ ಲಕೋಟೆಯಲ್ಲಿ ಒಂದು ವರದಿ ಕೊಡಬೇಕು. ಅನುಮತಿಯುಳ್ಳವರಿಗೆ ಎಂಬರ್ಥದ ಲ್ಯಾಟಿನ್ ಪದಗಳನ್ನು ಅದರ ಮೇಲೆ ಬರೆದಿರುತ್ತಿದ್ದರು. ತನ್ನ ನೇರ ಮೇಲಧಿಕಾರಿಯ ಮೇಲೇ ದೂರಿದ್ದರೆ, ಇನ್ನೂ ಮೇಲಿನವರು ಮಾತ್ರ ತೆರೆಯಬಹುದಾದ ಬೇರೊಂದು ಗುರುತು ಹಾಕಬಹುದಿತ್ತು. ಹೀಗೆ ಕೆಳಗಿನವನು ಮೇಲಿನವನನ್ನೂ, ಮೇಲಿನವನು ಕೆಳಗಿನವನನ್ನೂ, ಸಮಾನರು ಪರಸ್ಪರರನ್ನೂ ಕಾಯುತ್ತಾ ಕುಳಿತಿರುವ ಒಂದು ಯಂತ್ರ ಸಿದ್ಧವಾಯಿತು. ವರದಿಗಳೆಲ್ಲ ಮೇಲಕ್ಕೆ ಏರುತ್ತಿದ್ದವು. ತುದಿಯಲ್ಲಿ ಕುಳಿತ ಮಂಡಳಿಗೆ ಅಥೆನ್ಸಿನ ಹಳೆಯ ನ್ಯಾಯಸಭೆಯ ನೆನಪಿನಲ್ಲಿ ಅರಿಯೋಪಾಗಸ್ ಎಂಬ ಹೆಸರಿತ್ತು.

ಆತ್ಮಪರಿಶೋಧನೆ ನಮ್ಮ ಪರಂಪರೆಗೆ ಹೊಸದೇನೂ ಅಲ್ಲ. ಮುಹಾಸಬ ಎಂಬ ಹೆಸರಿನಲ್ಲಿ ವಿದ್ವಾಂಸರು ಅದರ ಬಗ್ಗೆ ಗ್ರಂಥಗಳನ್ನೇ ಬರೆದಿದ್ದಾರೆ. ಆದರೆ ಅದರ ಲೆಕ್ಕ ಸಲ್ಲುವುದು ದಾಸನಿಂದ ಒಡೆಯನಿಗೆ, ನಡುವೆ ಗುಮಾಸ್ತನಿರುವುದಿಲ್ಲ. ಪರರ ದೋಷಗಳನ್ನು ಹೊಂಚಿ ಹುಡುಕುವುದನ್ನಂತೂ ಕುರ್‌ಆನ್ ಅಲ್‌ಹುಜುರಾತ್ ಅಧ್ಯಾಯದಲ್ಲಿ ಸ್ಪಷ್ಟವಾಗಿ ನಿಷೇಧಿಸಿದೆ. ವೈಸ್‌ಹೌಪ್ಟ್‌ಗೆ ಈ ಮಾದರಿ ಎಲ್ಲಿಂದ ದೊರೆಯಿತೆಂದು ಊಹಿಸಬೇಕಿಲ್ಲ. ಕಟ್ಟುನಿಟ್ಟಿನ ಶ್ರೇಣಿ, ಮೇಲಧಿಕಾರಿಗೆ ಅಂತರಂಗದ ನಿವೇದನೆ, ಪ್ರಶ್ನಾತೀತ ವಿಧೇಯತೆ ಇವೆಲ್ಲ ಆತ ಬಾಲ್ಯದಲ್ಲಿ ಕಂಡ ಜೆಸ್ವಿಟರ ಶಿಸ್ತು. ಅವರ ಸಂಘಟನಾ ಕ್ರಮವನ್ನು ಅವರದೇ ವಿರುದ್ಧ ಬಳಸುವುದು ತನ್ನ ಉದ್ದೇಶವೆಂದು ಆತ ಮರೆಮಾಚಲಿಲ್ಲ. ಶತ್ರುವಿನ ಆಯುಧವನ್ನು ಹಿಡಿದವನು ಶತ್ರುವಿನ ಭಂಗಿಯನ್ನೂ ಕಲಿತುಬಿಟ್ಟ.

1778ರ ಬೇಸಗೆಯ ಕೊನೆಗೆ ಸದಸ್ಯರು 27 ಮಂದಿ ಮಾತ್ರ. ಸಂಘ ಬೆಳೆದದ್ದು ಎರಡು ಕಾರಣಗಳಿಂದ. ಮೊದಲನೆಯದಾಗಿ, ಆಗಲೇ ಯುರೋಪಿನಾದ್ಯಂತ ಹರಡಿದ್ದ ಫ್ರೀಮೇಸನ್ ಸಭೆಗಳ ಒಳಗೆ ಅದು ಸೇರಿಕೊಂಡಿತು. ಮ್ಯೂನಿಕ್‌ನ ಒಂದು ಸಭೆಯನ್ನು ಪೂರ್ತಿಯಾಗಿ ವಶಪಡಿಸಿಕೊಂಡಿತು. ಎರಡನೆಯದಾಗಿ, 1780ರಲ್ಲಿ ಅಡಾಲ್ಫ್ ಕ್ನಿಗ್ಗೆ ಎಂಬ ಸಿರಿವಂತಿಕೆ ಕರಗಿದ, ಆದರೆ ಮಾತಿನಲ್ಲಿ ಮೋಡಿ ಮಾಡಬಲ್ಲ ಸರದಾರ ಸಂಘಕ್ಕೆ ಸೇರಿದ. ಫಿಲೊ ಎಂಬ ಹೆಸರು ಪಡೆದ ಆತ ಸುಮಾರು 500 ಮಂದಿಯನ್ನು ತಂದುದಾಗಿ ಮುಂದೆ ಹೇಳಿಕೊಂಡ. ಹೀಗೆ ಊರೂರು ಸುತ್ತಿ ಜನರನ್ನು ಸೇರಿಸಿದ ಬಳಿಕ, ಮೇಲಿನ ಶ್ರೇಣಿಗಳ ರಹಸ್ಯವನ್ನು ತನಗೂ ತಿಳಿಸಬೇಕೆಂದು ಪಟ್ಟುಹಿಡಿದ. ಆಗ ವೈಸ್‌ಹೌಪ್ಟ್ ಒಪ್ಪಿಕೊಳ್ಳಲೇಬೇಕಾಯಿತು: ಮೇಲಿನ ಶ್ರೇಣಿಗಳು ಇನ್ನೂ ಇರಲೇ ಇಲ್ಲ! ಪುರಾತನ ಸಂಘ, ಅಜ್ಞಾತ ಗುರುಗಳು, ಶತಮಾನಗಳ ಜ್ಞಾನ ಎಂದು ನಂಬಿಸಿದ್ದೆಲ್ಲದರ ಹಿಂದೆ ಇದ್ದದ್ದು ಇಂಗೋಲ್‌ಸ್ಟಾಟ್‌ನ ಪ್ರಾಧ್ಯಾಪಕನ ಅಪೂರ್ಣ ಟಿಪ್ಪಣಿಗಳು. ಕ್ನಿಗ್ಗೆ ಸಿಟ್ಟಾಗಿ ಹೊರಟುಹೋಗಲಿಲ್ಲ. ತಾನೇ ಕುಳಿತು ಆ ಟಿಪ್ಪಣಿಗಳಿಂದ ಶ್ರೇಣಿಗಳನ್ನು ಹೊಸೆಯತೊಡಗಿದ. ಸಸಿಮಡಿಯ ಮೇಲೆ ಫ್ರೀಮೇಸನ್ ವರ್ಗ, ಅದರ ಮೇಲೆ ರಹಸ್ಯಗಳ ವರ್ಗ. ರಹಸ್ಯಗಳಲ್ಲಿ ಪುರೋಹಿತ ಮತ್ತು ರಾಜಪ್ರತಿನಿಧಿ ಎಂಬ ಕಿರಿಯ ಪದವಿಗಳು, ಮಾಗಸ್ ಮತ್ತು ರಾಜ ಎಂಬ ಹಿರಿಯ ಪದವಿಗಳು. ಆ ಕೊನೆಯ ಎರಡು ಪದವಿಗಳು ಪೂರ್ಣಗೊಳ್ಳಲೇ ಇಲ್ಲ. ಪುರೋಹಿತಶಾಹಿಯನ್ನು ಎದುರಿಸಹೊರಟ ಸಂಘದಲ್ಲಿ ಪುರೋಹಿತ ಪದವಿ, ಅರಸೊತ್ತಿಗೆ ಅಳಿಯಬೇಕೆಂದವರಲ್ಲಿ ರಾಜಪದವಿ!

1782ರಲ್ಲಿ ವಿಲ್ಹೆಲ್ಮ್ಸ್‌ಬಾಡ್‌ನಲ್ಲಿ ನಡೆದ ಫ್ರೀಮೇಸನ್ ಸಮಾವೇಶದ ಬಳಿಕ ಗಣ್ಯರು ಬಂದು ಸೇರತೊಡಗಿದರು. ಗೋಥಾದ ಡ್ಯೂಕ್ ಎರಡನೇ ಅರ್ನ್‌ಸ್ಟ್, ವೈಮರ್‌ನ ಡ್ಯೂಕ್ ಕಾರ್ಲ್ ಆಗುಸ್ಟ್, ಚಿಂತಕ ಹೆರ್ಡರ್, ಮಹಾಕವಿ ಗಯಟೆ ಇವರೆಲ್ಲರ ಹೆಸರು ಪಟ್ಟಿಯಲ್ಲಿವೆ. ಅವರಲ್ಲಿ ಎಷ್ಟು ಮಂದಿ ನಂಬಿ ಸೇರಿದರು, ಎಷ್ಟು ಮಂದಿ ಒಳಗೇನು ನಡೆಯುತ್ತಿದೆಯೆಂದು ನೋಡಲು ಸೇರಿದರು ಎಂಬುದು ಚರ್ಚಾಸ್ಪದ. ಸಂಘದ ಆಯುಷ್ಯದುದ್ದಕ್ಕೂ ಬಂದುಹೋದವರನ್ನೆಲ್ಲ ಸೇರಿಸಿ ಸಂಶೋಧಕರು ಕಲೆಹಾಕಿರುವ ಹೆಸರುಗಳು ಸುಮಾರು ಸಾವಿರದ ಮುನ್ನೂರು. ಹೆಚ್ಚಿನವರು ಅಧಿಕಾರಿಗಳು, ಅಧ್ಯಾಪಕರು, ವಕೀಲರು, ಕೆಲವು ಪಾದ್ರಿಗಳು.

ಬೆಳೆದಷ್ಟೇ ಬೇಗ ಬಿರುಕೂ ಕಾಣಿಸಿಕೊಂಡಿತು. ಕ್ನಿಗ್ಗೆ ರಚಿಸಿದ ವಿಧಿಗಳನ್ನು ವೈಸ್‌ಹೌಪ್ಟ್ ತಿದ್ದತೊಡಗಿದ, ಅವು ಆಡಂಬರವೆಂದು ಹಳಿದ. ತಾನು ಕಟ್ಟಿದ ಮನೆಯಲ್ಲಿ ತನ್ನನ್ನು ಆಳಿನಂತೆ ಕಾಣಲಾಗುತ್ತಿದೆ ಎಂದು ಕ್ನಿಗ್ಗೆ ಮುನಿದ, ಗುಟ್ಟುಗಳನ್ನು ವಿರೋಧಿಗಳ ಕೈಗೆ ಕೊಡುವೆನೆಂದು ಬೆದರಿಸಿದ. 1784ರ ಜುಲೈನಲ್ಲಿ ಕಾಗದಗಳನ್ನು ಒಪ್ಪಿಸಿ, ಮೌನದ ಮಾತುಕೊಟ್ಟು ಹೊರನಡೆದ. ಆತ 1788ರಲ್ಲಿ ಬರೆದ ಮನುಷ್ಯರೊಂದಿಗಿನ ವ್ಯವಹಾರದ ಕುರಿತಾದ ಪುಸ್ತಕ ಎಷ್ಟು ಪ್ರಸಿದ್ಧವಾಯಿತೆಂದರೆ, ಜರ್ಮನ್ ಭಾಷೆಯಲ್ಲಿ ಇಂದಿಗೂ ಕ್ನಿಗ್ಗೆ ಎಂದರೆ ಶಿಷ್ಟಾಚಾರದ ಕೈಪಿಡಿ.

ಅಷ್ಟರಲ್ಲಿ ಮ್ಯೂನಿಕ್‌ನ ಆಸ್ಥಾನಕ್ಕೆ ಸುಳಿವು ಸಿಕ್ಕಿತ್ತು. ಉಟ್‌ಜ್‌ಶ್ನೈಡರ್ ಎಂಬ ಮಾಜಿ ಸದಸ್ಯ ರಾಜಕುಟುಂಬದ ಮರಿಯಾ ಅನ್ನಾರ ಬಳಿ ಎಲ್ಲವನ್ನೂ ತೋಡಿಕೊಂಡಿದ್ದ. ಬವೇರಿಯಾವನ್ನು ತನ್ನದಾಗಿಸಿಕೊಳ್ಳಲು ಆಸ್ಟ್ರಿಯ ಹವಣಿಸುತ್ತಿದ್ದ ಕಾಲವದು. ಈ ಗುಪ್ತ ಸಂಘ ಆಸ್ಟ್ರಿಯದ ಪರ ಎಂಬ ಶಂಕೆಯೂ ಸೇರಿಕೊಂಡಿತು. ಆಡಳಿತಗಾರ ಕಾರ್ಲ್ ಥಿಯೋಡೋರ್ 1784ರ ಜೂನ್ 22ರಂದು ಅನುಮತಿಯಿಲ್ಲದ ಎಲ್ಲ ಸಂಘಗಳನ್ನೂ ನಿಷೇಧಿಸಿದ. 1785ರ ಮಾರ್ಚ್ 2ರಂದು ಇಲ್ಯುಮಿನಾಟಿಗಳನ್ನು ಹೆಸರಿಸಿಯೇ ಮತ್ತೊಂದು ಆಜ್ಞೆ ಹೊರಟಿತು. ವೈಸ್‌ಹೌಪ್ಟ್ ಪೀಠ ಕಳೆದುಕೊಂಡು ರೇಗನ್ಸ್‌ಬರ್ಗ್‌ಗೆ ಓಡಿದ. ಅದೇ ಜುಲೈನಲ್ಲಿ ಅಲ್ಲಿ ಲಾಂಜ್ ಎಂಬ ಪಾದ್ರಿ, ಸಂಘದ ಸದಸ್ಯ, ಸಿಡಿಲು ಬಡಿದು ಸತ್ತ. ಆತನ ಬಟ್ಟೆಯೊಳಗೆ ಜಗತ್ತಿನ ಸಂಚಿನ ನಕ್ಷೆಯೇ ದೊರೆಯಿತೆಂದು ಮುಂದೆ ಕಥೆಗಾರರು ಹೆಣೆದರು. ನಿಜವಾದ ಪುರಾವೆ ದೊರೆತದ್ದು ಸಿಡಿಲಿನಿಂದಲ್ಲ, ಪೊಲೀಸರಿಂದ. 1786ರ ಅಕ್ಟೋಬರಿನಲ್ಲಿ ಲಾಂಡ್ಸ್‌ಹುಟ್‌ನಲ್ಲಿದ್ದ ಜ್ವಾಕ್‌ನ ಮನೆಯನ್ನು ಜಾಲಾಡಲಾಯಿತು. ಇನ್ನೂರಕ್ಕೂ ಹೆಚ್ಚು ಪತ್ರಗಳು, ಸದಸ್ಯರ ಪಟ್ಟಿಗಳು, ಸಂಕೇತಲಿಪಿಯ ಕೀಲಿ, ಕಾಣದ ಶಾಯಿ ತಯಾರಿಸುವ ವಿಧಾನ ಸಿಕ್ಕವು. ವೈಸ್‌ಹೌಪ್ಟ್‌ನ ಖಾಸಗಿ ಜೀವನದ ಕಳಂಕವೊಂದನ್ನು ಮುಚ್ಚಿಹಾಕುವ ಬಗ್ಗೆ ಬರೆದ ಕಾಗದಗಳೂ ಸಿಕ್ಕವು. ಸರಕಾರ ಎಲ್ಲವನ್ನೂ ಮುದ್ರಿಸಿತು. ಮನುಕುಲದ ನೈತಿಕ ಉನ್ನತಿಯ ಗುರು ತನ್ನ ಮಾನ ಉಳಿಸಿಕೊಳ್ಳಲು ಪಟ್ಟ ಪಾಡನ್ನು ಯುರೋಪು ಅಚ್ಚಿನಲ್ಲಿ ಓದಿತು. ಒಬ್ಬೊಬ್ಬರ ಕುರಿತೂ ಬರೆದಿಡುವ ಪದ್ಧತಿಯನ್ನು ಸಂಘ ಇಟ್ಟುಕೊಳ್ಳದೇ ಇದ್ದಿದ್ದರೆ ಸರಕಾರಕ್ಕೆ ಇಷ್ಟು ಸರಾಗವಾಗಿ ಹೆಸರುಗಳು ಸಿಗುತ್ತಿರಲಿಲ್ಲ. 1787ರ ಆಗಸ್ಟ್ 16ರ ಆಜ್ಞೆಯು ಹೊಸಬರನ್ನು ಸೇರಿಸುವವನಿಗೆ ಮರಣದಂಡನೆ ಘೋಷಿಸಿತು. ವೈಮರ್‌ನಲ್ಲಿ ಬೋಡೆ ಎಂಬಾತ ಕೆಲವು ವರ್ಷ ಉಸಿರು ಹಿಡಿದಿಟ್ಟ. 1793ರಲ್ಲಿ ಆತನ ಸಾವಿನೊಂದಿಗೆ ಅದೂ ನಿಂತಿತು.

ಸಂಘ ಸತ್ತ ಮೇಲೆಯೇ ಅದಕ್ಕೆ ನಿಜವಾದ ಬಲ ಬಂದದ್ದು. ಫ್ರೆಂಚ್ ಕ್ರಾಂತಿ ನಡೆದುಹೋಗಿತ್ತು, ಅರಸನ ತಲೆ ಉರುಳಿತ್ತು. ಹಸಿವು, ಸಾಲ, ಅನ್ಯಾಯದ ತೆರಿಗೆಗಳಂತಹ ಕಾರಣಗಳು ಕಣ್ಣೆದುರೇ ಇದ್ದರೂ, ಯಾರೋ ಮರೆಯಲ್ಲಿ ನಿಂತು ಇದನ್ನೆಲ್ಲ ಮಾಡಿಸಿದರೆಂಬ ಉತ್ತರ ಹೆಚ್ಚು ಹಿತವೆನಿಸಿತು. 1797ರಲ್ಲಿ ಫ್ರಾನ್ಸಿನ ಮಾಜಿ ಜೆಸ್ವಿಟ್ ಪಾದ್ರಿ ಬಾರುಯೆಲ್ ಮತ್ತು ಎಡಿನ್‌ಬರೋದ ಪ್ರಾಧ್ಯಾಪಕ ಜಾನ್ ರಾಬಿಸನ್ ಬೇರೆಬೇರೆಯಾಗಿ ಪುಸ್ತಕ ಬರೆದು, ಕ್ರಾಂತಿ ಮಾಡಿದ ಜಾಕೋಬಿನರ ಹಿಂದೆ ಇಲ್ಯುಮಿನಾಟಿಗಳಿದ್ದರೆಂದು ಸಾರಿದರು. ಮರುವರ್ಷ ಅಮೆರಿಕದ ಚರ್ಚುಗಳಲ್ಲಿ ಇದೇ ಪ್ರವಚನದ ವಿಷಯವಾಯಿತು. ಕ್ರಾಂತಿಯ ಆರಂಭದಲ್ಲಿ ಸ್ವತಃ ಪಾಲ್ಗೊಂಡಿದ್ದ ಮೂನಿಯೆ 1801ರಲ್ಲಿ ಇದನ್ನು ಖಂಡಿಸಿ ಬರೆದರೂ ಕೇಳಿದವರು ಕಡಿಮೆ.

ಜಾಕೋಬಿನರ ಈ ಭೀತಿ ನಮ್ಮ ನೆಲವನ್ನೂ ಮುಟ್ಟಿತು. 1799ರಲ್ಲಿ ಶ್ರೀರಂಗಪಟ್ಟಣ ಪತನವಾದ ಬಳಿಕ, ಅಲ್ಲಿ ದೊರೆತವೆಂದು ಹೇಳಿ ಈಸ್ಟ್ ಇಂಡಿಯಾ ಕಂಪನಿಯವರು ಕಾಗದಪತ್ರಗಳನ್ನು ಅಚ್ಚುಹಾಕಿಸಿದರು. 1797ರಲ್ಲಿ ಟಿಪ್ಪು ಸುಲ್ತಾನರ ಸೇವೆಯಲ್ಲಿದ್ದ ಫ್ರೆಂಚ್ ಸೈನಿಕರು ಅಲ್ಲಿ ಜಾಕೋಬಿನ್ ಕ್ಲಬ್ ನಡೆಸಿದರೆಂಬ ವರದಿ ಅವುಗಳಲ್ಲಿದೆ. ಅದರ ನೈಜತೆಯ ಬಗ್ಗೆ ಇತಿಹಾಸಕಾರರಲ್ಲಿ ಭಿನ್ನಾಭಿಪ್ರಾಯವಿದೆ. ಆದರೆ ಯುದ್ಧವನ್ನು ಸಮರ್ಥಿಸಿಕೊಳ್ಳಲು ಆ ಕಾಲದ ಲಂಡನ್ನಿನಲ್ಲಿ ಜಾಕೋಬಿನ್ ಎಂಬ ಒಂದು ಪದ ಎಷ್ಟು ಉಪಯುಕ್ತವಾಗಿತ್ತು ಎಂಬುದರಲ್ಲಿ ಭಿನ್ನಾಭಿಪ್ರಾಯಕ್ಕೆ ಎಡೆಯಿಲ್ಲ.

1806ರಲ್ಲಿ ಸಿಮೊನಿನಿ ಎಂಬ ಹೆಸರಿನಲ್ಲಿ ಬಾರುಯೆಲ್‌ಗೆ ಒಂದು ಪತ್ರ ಬಂತು: ಎಲ್ಲ ಸಂಚುಗಳ ಹಿಂದೆ ಇರುವವರು ಯಹೂದಿಯರು ಎಂದು. ಯಹೂದಿಯರನ್ನು ನಿಯಮಪೂರ್ವಕ ಹೊರಗಿಟ್ಟಿದ್ದ ಸಂಘದ ಕಥೆ ಯಹೂದಿಯರ ಕೊರಳಿಗೇ ಸುತ್ತಿಕೊಂಡಿತು. ಆ ಪತ್ರದ ಸಂತತಿ ಇಪ್ಪತ್ತನೆಯ ಶತಮಾನದ ಯುರೋಪಿನಲ್ಲಿ ಏನು ಮಾಡಿತೆಂಬುದು ಎಲ್ಲರಿಗೂ ತಿಳಿದಿದೆ. 1818ರಲ್ಲಿ ಆಸ್ಟ್ರಿಯದ ಪೌರ್ವಾತ್ಯ ವಿದ್ವಾಂಸ ಹ್ಯಾಮರ್ ಪುರ್ಗ್‌ಸ್ಟಾಲ್ ಅಲಮೂತಿನ ನಿಝಾರಿ ಇಸ್ಮಾಯೀಲಿಗಳ ಕುರಿತು ಪುಸ್ತಕ ಬರೆದಾಗಲೂ ಆತನ ಮನಸ್ಸಿನಲ್ಲಿದ್ದದ್ದು ತನ್ನ ಕಾಲದ ಗುಪ್ತ ಸಂಘಗಳ ಭಯವೇ. ಹನ್ನೊಂದನೆಯ ಶತಮಾನದ ಪರ್ಷಿಯಾದ ಗುಡ್ಡಗಾಡಿನ ಪಂಥವೊಂದು ಆತನ ಬರಹದಲ್ಲಿ ಇಲ್ಯುಮಿನಾಟಿಗಳ ಪೂರ್ವಜನಂತೆ ಕಾಣತೊಡಗಿತು. ಇಸ್ಮಾಯೀಲಿಗಳೊಂದಿಗೆ ನಮಗೆ ವಿಶ್ವಾಸದ ವಿಷಯದಲ್ಲಿ ಭಿನ್ನತೆಗಳಿವೆ. ಆದರೂ ಅವರ ಇತಿಹಾಸವನ್ನು ಬವೇರಿಯಾದ ಅಚ್ಚಿನಲ್ಲಿ ಎರಕಹೊಯ್ದದ್ದು ನ್ಯಾಯವಾಗಿರಲಿಲ್ಲ. ಮರೆಯಲ್ಲಿರುವವರ ಸಂಚು ಎಂಬ ಈ ಅಚ್ಚು ಒಮ್ಮೆ ಸಿದ್ಧವಾದ ಮೇಲೆ ಅದರಲ್ಲಿ ಯಾವ ಸಮುದಾಯದ ಹೆಸರನ್ನು ಬೇಕಾದರೂ ಹೊಯ್ಯಬಹುದು. ಇಂದು ನಮ್ಮ ಹೆಸರೂ ಅದರಲ್ಲಿ ಆಗಾಗ ಹೊಯ್ಯಲ್ಪಡುತ್ತಿರುವಾಗ, ಅದೇ ಅಚ್ಚಿನ ವೀಡಿಯೊಗಳನ್ನು ನಮ್ಮ ಮಕ್ಕಳೇ ಹಂಚುವುದನ್ನು ಕಂಡು ನಮಗೆ ಕಳವಳವಾಗುತ್ತದೆ.

ವೈಸ್‌ಹೌಪ್ಟ್ ಈ ಎಲ್ಲ ಕಥೆಗಳು ಹಬ್ಬುವುದನ್ನು ಜೀವಂತವಾಗಿಯೇ ಕಂಡ. ಗೋಥಾದ ಡ್ಯೂಕ್ ಆಶ್ರಯ ಕೊಟ್ಟು ವೇತನ ಗೊತ್ತುಮಾಡಿದ್ದ. ಅಲ್ಲಿ ಆತ ತನ್ನ ಸಂಘವನ್ನು ಸಮರ್ಥಿಸಿ ಕೆಲವು ಪುಸ್ತಕಗಳನ್ನು, ಬಳಿಕ ತತ್ವಶಾಸ್ತ್ರದ ಪುಸ್ತಕಗಳನ್ನು ಬರೆಯುತ್ತಾ ಉಳಿದ. 1830ರ ನವೆಂಬರ್ 18ರಂದು, ಎಂಬತ್ತೆರಡನೆಯ ವಯಸ್ಸಿನಲ್ಲಿ ಅಲ್ಲಿಯೇ ತೀರಿಕೊಂಡ. ಅಷ್ಟರಲ್ಲಿ ಬವೇರಿಯಾ ಬದಲಾಗಿತ್ತು. ಸಂಘದ ಒಬ್ಬ ಮಾಜಿ ಸದಸ್ಯ ಮಾಂಟ್‌ಗೆಲಾಸ್ 1799ರಿಂದ 1817ರವರೆಗೆ ಅಲ್ಲಿ ಮಂತ್ರಿಯಾಗಿ, ಮಠಗಳ ಆಸ್ತಿಯನ್ನು ಸರಕಾರದ ವಶಕ್ಕೆ ತಂದು, ಆಡಳಿತವನ್ನು ಹೊಸದಾಗಿ ಕಟ್ಟಿದ. ಸಂಘವು ಗುಟ್ಟಾಗಿ ಕನಸಿದ ಎಷ್ಟೋ ಸುಧಾರಣೆಗಳು ರಾಜಾಜ್ಞೆಗಳಾಗಿ ಹಗಲಿನಲ್ಲೇ ಹೊರಬಂದವು. ವೈಸ್‌ಹೌಪ್ಟ್‌ನ ಮಗ ಕಾರ್ಲ್, ತಂದೆಯನ್ನು ಓಡಿಸಿದ ಆ ಸಂಸ್ಥಾನದ ಸೇನೆಯನ್ನೇ ಸೇರಿ, 1848ರಲ್ಲಿ ಅದರ ಯುದ್ಧಮಂತ್ರಿಯಾದ.